ಕಂಬಿ ಹಾಕದ ತೊಟ್ಟಿ: ರೋಮನ್ನರ ಕ್ರಮದಲ್ಲಿ ಸುಣ್ಣದ ಕಾಂಕ್ರೀಟು ಕಟ್ಟಿದ ದಾಖಲೆ

ಮೈಸೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಿನಲ್ಲಿ, ಚಾವಣಿಯಿಂದ ಇಳಿಯುವ ಮಳೆನೀರನ್ನು ಗಿಡಗಳಿಗಾಗಿ ಹಿಡಿದಿಡಲು ಕಟ್ಟಿಸಿದ್ದ ಆರ್‌ಸಿಸಿ (ಕಂಬಿ ಹಾಕಿದ ಸಿಮೆಂಟ್ ಕಾಂಕ್ರೀಟಿನ) ತೊಟ್ಟಿಯೊಂದು ಇತ್ತು. ಅದರ ಗೋಡೆ ನಾಲ್ಕು ಅಂಗುಲ ದಪ್ಪವಾಗಿತ್ತು. ಒಳಗೆ 8 ಮಿಲಿಮೀಟರ್ ಕಂಬಿಯ ಜಾಲರಿ, ಹೊರಗೆ ಸಿಮೆಂಟಿನ ಪ್ಲಾಸ್ಟರ್ ಇದ್ದವು. ವರ್ಷಗಳು ಕಳೆದಂತೆ ಕಂಬಿ ಹಾದುಹೋದ ಜಾಡಿನಲ್ಲಿಯೇ ಬಿರುಕುಗಳು ಮೂಡಿ, ಪದರ ಪದರವಾಗಿ ಸಿಡಿದು, ಕೊನೆಗೆ ಇಡೀ ತೊಟ್ಟಿಯನ್ನು ಒಡೆಯಬೇಕಾಯಿತು. ಒಡೆದ ತುಂಡುಗಳನ್ನು ಪರಿಶೀಲಿಸಿದಾಗ ಕಾಂಕ್ರೀಟು ಕೆಟ್ಟಿರಲಿಲ್ಲ ಎಂಬುದು ಸ್ಪಷ್ಟವಾಯಿತು. ಸಿಮೆಂಟು ಜಲ್ಲಿಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ, ಸುತ್ತಿಗೆಯ ಏಟಿಗೆ ಜಲ್ಲಿಯೇ ಸೀಳುತ್ತಿತ್ತೇ ಹೊರತು ಬೆಸುಗೆ ಬಿಡುತ್ತಿರಲಿಲ್ಲ. ಕೆಟ್ಟಿದ್ದು ಕಂಬಿ ಮಾತ್ರ.

ಹೊಸ ತುಂಡೊಂದನ್ನು ಮುರಿದು, ಮುರಿದ ಮುಖಕ್ಕೆ ಫಿನಾಲ್ಫ್ತಲೀನ್ ದ್ರಾವಣವನ್ನು ಸಿಂಪಡಿಸಿದೆ. ಕ್ಷಾರ ಉಳಿದಿರುವಲ್ಲಿ ಈ ದ್ರಾವಣ ಕಡುಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕ್ಷಾರ ಇಳಿದುಹೋದಲ್ಲಿ ಬಣ್ಣ ಬರುವುದಿಲ್ಲ. ಗೋಡೆಯ ನಡುವೆ ಬೆರಳಗಲದ ಒಂದು ಗುಲಾಬಿ ಪಟ್ಟಿ ಮಾತ್ರ ಮೂಡಿತು, ಎರಡೂ ಕಡೆಯ ಹೊರಭಾಗ ಬೂದುಬಣ್ಣವಾಗಿಯೇ ಉಳಿಯಿತು, ಮತ್ತು ಕಂಬಿ ಇದ್ದದ್ದು ಆ ಬೂದುಭಾಗದಲ್ಲಿ. ಹೊಸ ಕಾಂಕ್ರೀಟಿನ ಪಿಎಚ್ ಸುಮಾರು 13ರ ಹತ್ತಿರ ಇರುತ್ತದೆ. ಅಷ್ಟು ಕ್ಷಾರದಲ್ಲಿ ಕಂಬಿಯ ಮೇಲೆ ಒಂದು ತೆಳುವಾದ ರಕ್ಷಣೆಯ ಪೊರೆ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಕ್ಕೆ ಇಳಿದು ಕ್ಷಾರವನ್ನು ತಗ್ಗಿಸಿದಾಗ ಆ ಪೊರೆ ಹೋಗುತ್ತದೆ, ತುಕ್ಕು ಹಿಡಿಯುತ್ತದೆ, ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಆ ಒತ್ತಡಕ್ಕೆ ಕಾಂಕ್ರೀಟು ಸೀಳುತ್ತದೆ. ನಮ್ಮ ತೊಟ್ಟಿಯಲ್ಲಿ ಕಂಬಿಯ ಮೇಲಿನ ಹೊದಿಕೆ ತೆಳುವಾಗಿದ್ದುದರಿಂದ ಇದು ಬೇಗನೆ ನಡೆದಿತ್ತು.

ರೋಮನ್ನರ ಕಾಂಕ್ರೀಟು ಎರಡು ಸಾವಿರ ವರ್ಷ ಉಳಿಯಿತು, ನಮ್ಮದು ಐವತ್ತು ವರ್ಷವೂ ಉಳಿಯುವುದಿಲ್ಲ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಆ ಮಾತಿನ ಹಿಂದೆ ಯಾವುದೋ ಕಳೆದುಹೋದ ಗುಟ್ಟಿದೆ ಎಂಬ ಭಾವನೆಯೂ ಇರುತ್ತದೆ. ಅವರ ಗಾರೆಯಲ್ಲಿ ವಿಶೇಷವಿರುವುದು ನಿಜ, ಆದರೆ ಅದಕ್ಕಿಂತ ದೊಡ್ಡ ಸಂಗತಿ ಅವರು ಕಂಬಿಯನ್ನೇ ಹಾಕಲಿಲ್ಲ ಎಂಬುದು. ಕಂಬಿ ಇಲ್ಲದೆ ನಿಲ್ಲುವಂತೆ ಗೋಡೆಯನ್ನು ದಪ್ಪ ಮಾಡಿದರು, ಕಮಾನು ಮತ್ತು ಗುಮ್ಮಟಗಳ ಮೂಲಕ ಎಲ್ಲ ಭಾರವನ್ನೂ ಒತ್ತುವ ಭಾರವಾಗಿಯೇ ಕೆಳಕ್ಕೆ ಇಳಿಸಿದರು. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಸುಮಾರು ಕ್ರಿ.ಶ. 126ರ ವೇಳೆಗೆ ಮುಗಿದ ರೋಮಿನ ಪ್ಯಾಂಥಿಯನ್ನಿನ ಗುಮ್ಮಟ 43.3 ಮೀಟರ್ ಅಗಲವಾಗಿದ್ದು, ಕಂಬಿಯಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇಂದಿಗೂ ಅದೇ ದೊಡ್ಡದು. ಅದರ ಬುನಾದಿಯಲ್ಲಿ ತೂಕದ ಟ್ರಾವರ್ಟೈನ್ ಕಲ್ಲನ್ನು, ಮೇಲೇರಿದಂತೆ ಹಗುರವಾದ ಟಫ್ ಕಲ್ಲನ್ನೂ (ಗಟ್ಟಿಯಾದ ಜ್ವಾಲಾಮುಖಿ ಬೂದಿ) ಇಟ್ಟಿಗೆ ಚೂರನ್ನೂ, ತುದಿಯಲ್ಲಿ ರಂಧ್ರಗಳಿರುವ ಅತಿ ಹಗುರವಾದ ಜ್ವಾಲಾಮುಖಿ ಕಲ್ಲನ್ನು ತುಂಬಿದ್ದಾರೆ. ವಸ್ತು ಮತ್ತು ಆಕಾರ ಎರಡನ್ನೂ ಒಟ್ಟಿಗೆ ಯೋಚಿಸಿದ ಕೆಲಸ ಅದು. ಹಾಗಾಗಿ ಹೊಸ ತೊಟ್ಟಿಯನ್ನು ಕಟ್ಟುವಾಗ ಗಾರೆಯನ್ನು ಮಾತ್ರ ರೋಮನ್ನರಿಂದ ಎರವಲು ತಂದು, ಆಕಾರವನ್ನು ನಮ್ಮ ಕಾಲದ್ದೇ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ ಎಂದು ನಿರ್ಧರಿಸಿ, ಎರಡನ್ನೂ ಅವರ ಕ್ರಮದಲ್ಲಿಯೇ ಮಾಡಿದೆ.

ಲೆಕ್ಕ

ತೊಟ್ಟಿಯ ಒಳ ಅಳತೆ 2 ಮೀಟರ್ ಉದ್ದ, 1 ಮೀಟರ್ ಅಗಲ. ನೀರಿನ ಆಳ 0.6 ಮೀಟರ್, ಗೋಡೆಯ ಎತ್ತರ 0.75 ಮೀಟರ್. ಗೋಡೆ ತನ್ನ ತೂಕದಿಂದಲೇ ನಿಲ್ಲಬೇಕು, ಎಲ್ಲಿಯೂ ಎಳೆತಕ್ಕೆ ಒಳಗಾಗಬಾರದು ಎಂಬುದೊಂದೇ ನಿಯಮ. ಒಂದು ಮೀಟರ್ ಉದ್ದದ ಗೋಡೆಯ ಮೇಲೆ ಈ ನೀರು ಒಟ್ಟು 1.77 ಕಿಲೋನ್ಯೂಟನ್ ಬಲದಿಂದ ತಳ್ಳುತ್ತದೆ. ಆ ಬಲ ತಳದಿಂದ 0.2 ಮೀಟರ್ ಎತ್ತರದಲ್ಲಿ ವರ್ತಿಸುವುದರಿಂದ ಉರುಳಿಸುವ ತಿರುಚುಬಲ ಸುಮಾರು 0.35 ಕಿಲೋನ್ಯೂಟನ್-ಮೀಟರ್ ಆಗುತ್ತದೆ. ಗೋಡೆಯನ್ನು 0.45 ಮೀಟರ್ ದಪ್ಪ ಮಾಡಿ, ಸುಣ್ಣದ ಕಾಂಕ್ರೀಟಿನ ಸಾಂದ್ರತೆಯನ್ನು ಘನ ಮೀಟರಿಗೆ 1,900 ಕಿಲೋ ಎಂದು ಹಿಡಿದರೆ, ಅದೇ ಒಂದು ಮೀಟರ್ ಗೋಡೆಯ ತೂಕ ಸುಮಾರು 6.3 ಕಿಲೋನ್ಯೂಟನ್. ಅದರ ತಡೆಯುವ ತಿರುಚುಬಲ 1.4 ಕಿಲೋನ್ಯೂಟನ್-ಮೀಟರ್, ಅಂದರೆ ನೀರು ಉರುಳಿಸಲು ನೋಡುವುದರ ನಾಲ್ಕು ಪಟ್ಟು. ಒಟ್ಟು ಬಲದ ರೇಖೆ ಗೋಡೆಯ ನಡುವಿನಿಂದ 5.6 ಸೆಂಟಿಮೀಟರ್ ಮಾತ್ರ ಸರಿಯುತ್ತದೆ, 7.5 ಸೆಂಟಿಮೀಟರ್ ಒಳಗೆ ಇದ್ದರೆ, ಎಂದರೆ ದಪ್ಪದ ನಡುವಿನ ಮೂರನೆಯ ಒಂದು ಭಾಗದೊಳಗೇ ಇದ್ದರೆ, ತಳದಲ್ಲಿ ಎಲ್ಲಿಯೂ ಎಳೆತ ಹುಟ್ಟುವುದಿಲ್ಲ.

ಇದೇ ಲೆಕ್ಕವನ್ನು ಮುಂದುವರಿಸಿದರೆ, ಗೋಡೆಯ ತಳದಲ್ಲಿ ಹೆಚ್ಚೆಂದರೆ 0.025 ಮೆಗಾಪಾಸ್ಕಲ್ ಒತ್ತಡ ಬೀಳುತ್ತದೆ ಎಂದು ತಿಳಿಯುತ್ತದೆ. ನಾವು ಸಾಮಾನ್ಯ ಮನೆಗಳಿಗೆ ಹಾಕುವ ಎಂ20 ಕಾಂಕ್ರೀಟು 20 ಮೆಗಾಪಾಸ್ಕಲ್ ತಡೆಯುತ್ತದೆ. ರೋಮನ್ ಬಂದರುಗಳಿಂದ ಕೊರೆದು ತೆಗೆದ ತುಂಡುಗಳ ಬಲ ಹೆಚ್ಚಾಗಿ 5ರಿಂದ 10 ಮೆಗಾಪಾಸ್ಕಲ್ ಸುತ್ತ ಇದೆ, ಅಂದರೆ ಬಲದ ಅಂಕಿಯಲ್ಲಿ ನಮ್ಮ ಕಾಂಕ್ರೀಟೇ ಮುಂದಿದೆ. ಆದರೆ ಇಂತಹ ಗೋಡೆಗೆ ಒಂದು ಮೆಗಾಪಾಸ್ಕಲ್ ಬಲವಿದ್ದರೂ ಅದು ಬೇಕಾದುದರ ನಲವತ್ತು ಪಟ್ಟಾಗುತ್ತದೆ. ನನ್ನ ಮಟ್ಟಿಗೆ ಈ ಯೋಜನೆಯ ತಿರುಳು ಈ ಅಂಕಿಯಲ್ಲಿಯೇ ಇದೆ. ನಾಲ್ಕು ಅಂಗುಲದ ಗೋಡೆಯನ್ನು ಬಯಸಿದ್ದರಿಂದ ನಮಗೆ ಕಂಬಿ ಬೇಕಾಯಿತು, ಕಂಬಿಯನ್ನು ಕಾಯಲು ದಟ್ಟವಾದ ಬಲವಾದ ಕಾಂಕ್ರೀಟು ಬೇಕಾಯಿತು, ಮತ್ತು ಆ ಕಂಬಿಯೇ ಗೋಡೆಯ ಆಯುಷ್ಯವನ್ನು ನಿರ್ಧರಿಸಿತು.

ಸುಣ್ಣ, ಸುರ್ಕಿ

ರೋಮನ್ ಕಾಂಕ್ರೀಟಿಗೆ ಹೆಸರು ತಂದದ್ದು ನೇಪಲ್ಸ್ ಕೊಲ್ಲಿಯ ಪೊಜ್ಜುವೊಲಿಯ ಸುತ್ತ ಸಿಗುವ ಜ್ವಾಲಾಮುಖಿಯ ಬೂದಿ, ಪೊಜ್ಜೊಲಾನಾ. ಆ ಬೂದಿಯಲ್ಲಿ ಗಾಜಿನಂತಿರುವ ಸಿಲಿಕಾ ಮತ್ತು ಅಲ್ಯೂಮಿನಾ ಇದ್ದು, ನೀರಿನ ಸಮಕ್ಷಮದಲ್ಲಿ ಅವು ಸುಣ್ಣದೊಡನೆ ಕೂಡಿ ಕ್ಯಾಲ್ಸಿಯಂ-ಅಲ್ಯೂಮಿನಿಯಂ-ಸಿಲಿಕೇಟ್ ಬಂಧಕವಾಗುತ್ತವೆ. ಬರಿಯ ಸುಣ್ಣದ ಗಾರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿದಾಗ ಮಾತ್ರ ಗಟ್ಟಿಯಾಗುತ್ತದೆ, ನೀರಿನೊಳಗೆ ಗಟ್ಟಿಯಾಗುವುದಿಲ್ಲ. ಬೂದಿ ಬೆರೆತ ಸುಣ್ಣ ನೀರಿನಡಿಯಲ್ಲಿಯೂ ಗಟ್ಟಿಯಾಗುತ್ತದೆ. ಯೂದಾಯದ ಹೆರೋದ ರಾಜನು ಕ್ರಿ.ಪೂ. 22ರ ಸುಮಾರಿಗೆ ಸಿಸೇರಿಯಾದಲ್ಲಿ ಬಂದರು ಕಟ್ಟಿಸಲು ಆರಂಭಿಸಿದಾಗ ಈ ಬೂದಿಯನ್ನು ಇಟಲಿಯಿಂದ ಮೆಡಿಟರೇನಿಯನ್ ಸಮುದ್ರದ ಆ ಕೊನೆಗೆ ಹಡಗಿನಲ್ಲಿ ಸಾಗಿಸಿದ್ದರು.

ಮೈಸೂರಿನ ಹಿತ್ತಲಿಗೆ ಇಟಲಿಯ ಬೂದಿ ತರಿಸುವ ಅಗತ್ಯವಿರಲಿಲ್ಲ, ಏಕೆಂದರೆ ಬೂದಿ ಸಿಗದ ಕಡೆಗಳಲ್ಲಿ ರೋಮನ್ನರೇ ಹೆಂಚು ಮತ್ತು ಮಡಕೆಗಳ ಪುಡಿಯನ್ನು ಬಳಸಿದರು. ಕ್ರಿ.ಪೂ. ಮೊದಲ ಶತಮಾನದ ವಾಸ್ತುಶಿಲ್ಪಿ ವಿಟ್ರೂವಿಯಸ್, ಅಗೆದು ತೆಗೆದ ಮರಳಾದರೆ ಒಂದು ಭಾಗ ಸುಣ್ಣಕ್ಕೆ ಮೂರು ಭಾಗ, ಹೊಳೆಯ ಅಥವಾ ಸಮುದ್ರದ ಮರಳಾದರೆ ಒಂದಕ್ಕೆ ಎರಡು ಎಂದು ಹೇಳಿ, ಹೊಳೆಮರಳಿಗೆ ಮೂರನೆಯ ಒಂದು ಪಾಲು ಸುಟ್ಟ ಜೇಡಿಯ ಪುಡಿಯನ್ನು ಜರಡಿ ಹಿಡಿದು ಸೇರಿಸಿದರೆ ಗಾರೆ ಉತ್ತಮವಾಗುತ್ತದೆ ಎನ್ನುತ್ತಾನೆ. ರೋಮನ್ನರ ನೀರಿನ ತೊಟ್ಟಿಗಳ ಒಳಮೈಗೆ ಬಳಿದದ್ದು ಇಂತಹ ಕೆಂಪುಗಾರೆಯನ್ನೇ. ನಮ್ಮಲ್ಲಿ ಸುರ್ಕಿ ಎಂದು ಕರೆಯುವುದು ಇದೇ ಬಗೆಯ ವಸ್ತು. 1911ರಲ್ಲಿ ಆರಂಭವಾಗಿ 1930ರ ದಶಕದ ಆದಿಯಲ್ಲಿ ಮುಗಿದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದಿರುವುದು ಸುಣ್ಣ ಮತ್ತು ಸುರ್ಕಿಯ ಗಾರೆ. ಅಷ್ಟು ನೀರನ್ನು ಹಿಡಿದು ನಿಂತ ಕಟ್ಟಡ ಕಣ್ಣಳತೆಯಲ್ಲಿಯೇ ಇರುವಾಗ, ಒಂದು ಹಿತ್ತಲ ತೊಟ್ಟಿಗೆ ಸುರ್ಕಿ ಸಾಕೇ ಎಂಬ ಸಂದೇಹ ನನಗೆ ಬರಲಿಲ್ಲ.

ಆದರೆ ಯಾವ ಇಟ್ಟಿಗೆಯನ್ನು ಪುಡಿ ಮಾಡುತ್ತೇವೆ ಎಂಬುದು ಬಹಳ ಮುಖ್ಯ. ಜೇಡಿಮಣ್ಣನ್ನು ಸುಮಾರು 600ರಿಂದ 800 ಡಿಗ್ರಿಯವರೆಗೆ ಸುಟ್ಟಾಗ ಅದರ ಹರಳಿನ ರಚನೆ ಕುಸಿದು, ಸುಣ್ಣದೊಡನೆ ಬೆರೆಯಲು ಸಿದ್ಧವಾದ ಸ್ಥಿತಿಗೆ ಬರುತ್ತದೆ. ಅದಕ್ಕಿಂತ ಬಹಳ ಹೆಚ್ಚು ಸುಟ್ಟರೆ ಹೊಸ ಹರಳುಗಳು ಕಟ್ಟಿಕೊಂಡು ಪುಡಿ ಜಡವಾಗುತ್ತದೆ. ಗೂಡಿನ ಹೊರಸಾಲಿನಲ್ಲಿದ್ದು ಸ್ವಲ್ಪ ಕಡಿಮೆ ಬೆಂದ, ತಿಳಿಗೆಂಪಾದ ನಾಡ ಇಟ್ಟಿಗೆಗಳನ್ನು ಗೂಡಿನವರು ಅಗ್ಗಕ್ಕೆ ಕೊಡುತ್ತಾರೆ. ಗೋಡೆಗೆ ಯಾರೂ ಬಯಸದ ಆ ಇಟ್ಟಿಗೆಗಳೇ ಸುರ್ಕಿಗೆ ತಕ್ಕವು. ಖಣಿಲೆಂದು ಸದ್ದು ಮಾಡುವ, ಕಪ್ಪಾಗಿ ಸುಟ್ಟ ಇಟ್ಟಿಗೆಗಳನ್ನು ಬದಿಗಿಟ್ಟೆ. ಪುಡಿಯನ್ನು ಎರಡು ಬಗೆಯಾಗಿ ಜರಡಿ ಹಿಡಿದೆ: ಬೆರಳುಗಳ ನಡುವೆ ಉಜ್ಜಿದರೆ ಗೋಧಿಹಿಟ್ಟಿನಂತೆ ನುಣ್ಣಗಿರುವುದು ಸುಣ್ಣದೊಡನೆ ಬೆರೆಯಲು, ಅದಕ್ಕಿಂತ ದಪ್ಪನೆಯ ತರಿ ಮರಳಿನ ಜಾಗ ತುಂಬಲು.

ಸುಣ್ಣವನ್ನು ಹರಳು ರೂಪದಲ್ಲಿ, ಅರಳಿಸದ ಸುಟ್ಟ ಸುಣ್ಣವಾಗಿಯೇ ತಂದೆ. ಸ್ವಲ್ಪವನ್ನು ನೀರಿನಲ್ಲಿ ಅರಳಿಸಿ ನೋಡಿದಾಗ ತಳದಲ್ಲಿ ಬೇಯದ ಕಲ್ಲು ಎಷ್ಟು ಉಳಿಯುತ್ತದೆ ಎಂಬುದರಿಂದ ಸುಣ್ಣದ ಗುಣ ತಿಳಿಯುತ್ತದೆ. ಸುಟ್ಟ ಸುಣ್ಣ ಗಾಳಿಯ ತೇವವನ್ನೇ ಹೀರಿ ಅರಳಿಬಿಡುವುದರಿಂದ, ಬಿಗಿಮುಚ್ಚಳದ ಡ್ರಮ್ಮಿನಲ್ಲಿಟ್ಟು, ಆ ದಿನದ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಹೊರತೆಗೆದು ಕುಟ್ಟಿಕೊಂಡೆ.

ಬಿಸಿಯಾಗಿ ಕಲಸುವುದು

ರೋಮನ್ ಗಾರೆಯನ್ನು ಒಡೆದು ನೋಡಿದರೆ ಕೆಲವು ಮಿಲಿಮೀಟರ್ ಗಾತ್ರದ ಬಿಳಿಯ ಸುಣ್ಣದ ಗಂಟುಗಳು ಅಲ್ಲಲ್ಲಿ ಕಾಣುತ್ತವೆ. ಬಹುಕಾಲ ಇವನ್ನು ಸರಿಯಾಗಿ ಕಲಸದಿದ್ದುದರ ಗುರುತು ಎಂದೇ ಭಾವಿಸಲಾಗಿತ್ತು. 2023ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅದ್ಮಿರ್ ಮಾಸಿಕ್ ಮತ್ತು ಅವರ ಸಂಗಡಿಗರು, ಇಟಲಿಯ ಪ್ರಿವೆರ್ನಮ್ ಎಂಬ ಪ್ರಾಚೀನ ಊರಿನ ಗೋಡೆಯ ಮಾದರಿಗಳನ್ನು ಪರೀಕ್ಷಿಸಿ, ಆ ಗಂಟುಗಳು ಹೆಚ್ಚಿನ ಉಷ್ಣತೆಯಲ್ಲಿ ರೂಪುಗೊಂಡಿವೆ, ಅಂದರೆ ಸುಟ್ಟ ಸುಣ್ಣವನ್ನು ಅರಳಿಸುವ ಮೊದಲೇ ಬೂದಿಯೊಡನೆ ಬೆರೆಸಿ ನೀರು ಹಾಕಿರಬೇಕು ಎಂದು ತೋರಿಸಿದರು. ಗೋಡೆ ಬಿರುಕು ಬಿಟ್ಟಾಗ ಬಿರುಕು ಈ ಗಂಟುಗಳ ಮೂಲಕ ಹಾಯುತ್ತದೆ, ಒಳಬಂದ ನೀರು ಗಂಟಿನ ಸುಣ್ಣವನ್ನು ಕರಗಿಸುತ್ತದೆ, ಅದು ಕ್ಯಾಲ್ಸೈಟಾಗಿ (ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳಾಗಿ) ಗಟ್ಟಿಯಾಗಿ ಬಿರುಕನ್ನು ತುಂಬುತ್ತದೆ. ಅವರು ಬಿಸಿಯಾಗಿ ಕಲಸಿ ಮಾಡಿದ ಮಾದರಿಯನ್ನು ಮುರಿದು, ಅರ್ಧ ಮಿಲಿಮೀಟರ್ ಸಂದು ಬಿಟ್ಟು ನೀರು ಹರಿಸಿದಾಗ ಎರಡು ವಾರಗಳೊಳಗೆ ಸಂದು ಮುಚ್ಚಿಕೊಂಡಿತು; ಸುಟ್ಟ ಸುಣ್ಣ ಹಾಕದ ಮಾದರಿಯಲ್ಲಿ ನೀರು ಹರಿಯುತ್ತಲೇ ಇತ್ತು. ಪೊಂಪೆಯಲ್ಲಿ ಕ್ರಿ.ಶ. 79ರ ಜ್ವಾಲಾಮುಖಿ ಸ್ಫೋಟದಲ್ಲಿ ಕಟ್ಟಡದ ಕೆಲಸ ಅರ್ಧಕ್ಕೆ ನಿಂತುಹೋದ ಒಂದು ಮನೆಯಲ್ಲಿ ಸುಟ್ಟ ಸುಣ್ಣವನ್ನೂ ಬೂದಿಯನ್ನೂ ಒಣದಾಗಿಯೇ ಬೆರೆಸಿಟ್ಟ ರಾಶಿಗಳು ಅನಂತರ ದೊರೆತಿವೆ. ವಿಟ್ರೂವಿಯಸ್ ಮಾತ್ರ ಅರಳಿದ ಸುಣ್ಣವನ್ನು ಬೆರೆಸಲು ಹೇಳುತ್ತಾನೆ. ರೋಮನ್ ಲೇಖಕ ಪ್ಲಿನಿಯು ಮೂರು ವರ್ಷಕ್ಕಿಂತ ಹೊಸದಾದ ಅರಳಿದ ಸುಣ್ಣವನ್ನು ಬಳಸಕೂಡದೆಂಬ ಹಳೆಯ ಕಟ್ಟಡದ ಕಟ್ಟಳೆಯನ್ನು ಉಲ್ಲೇಖಿಸುತ್ತಾನೆ. ನುಣುಪಾದ ಮೇಲ್ಗಾರೆಗೆ ಅರಳಿಸಿ ಹಳೆಯದಾಗಿಸಿದ ಸುಣ್ಣ, ಗೋಡೆಯ ಒಡಲಿಗೆ ಬಿಸಿಯಾಗಿ ಕಲಸಿದ ಸುಣ್ಣ ಎಂದು ವಿಂಗಡಿಸಿಕೊಂಡರೆ ಎರಡು ಮಾತುಗಳೂ ಹೊಂದುತ್ತವೆ, ಮತ್ತು ನಾನು ಹಾಗೆಯೇ ಮಾಡಿದೆ.

ತೂಕದ ಪ್ರಮಾಣ ಹೀಗಿತ್ತು: ಸುಟ್ಟ ಸುಣ್ಣ 10 ಕಿಲೋ, ನುಣ್ಣನೆಯ ಸುರ್ಕಿ 30 ಕಿಲೋ, ಇಟ್ಟಿಗೆ ತರಿ 20 ಕಿಲೋ, ಹೊಳೆಮರಳು 35 ಕಿಲೋ. ಸುಟ್ಟ ಸುಣ್ಣ ಅರಳಿದಾಗ ಗಾತ್ರ ಹೆಚ್ಚುಕಡಿಮೆ ಎರಡರಷ್ಟಾಗುವುದರಿಂದ, ಬುಟ್ಟಿಯ ಅಳತೆಯಲ್ಲಿ ಒಂದಕ್ಕೆ ಮೂರು ಎಂದು ಹಾಕಿದರೆ ಸುಣ್ಣ ಅತಿಯಾಗುತ್ತದೆ. ಮೇಲಿನ ತೂಕ ಅರಳಿದ ನಂತರದ ಒಂದಕ್ಕೆ ಮೂರಕ್ಕೆ ಸರಿಹೊಂದುತ್ತದೆ. ನಮ್ಮ ಕಡೆಯ ಹಳೆಯ ಗಾರೆಗಳಲ್ಲಿ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮುಂತಾದವು ಸೇರುತ್ತಿದ್ದವು. ಅವುಗಳ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಹೋಲಿಕೆ ಶುದ್ಧವಾಗಿರಬೇಕೆಂದು ಇಲ್ಲಿ ಏನನ್ನೂ ಸೇರಿಸಲಿಲ್ಲ.

ಈ ಕೆಲಸವನ್ನು ಮಾಡುವವರು ಕನ್ನಡಕ, ಉದ್ದ ತೋಳಿನ ಅಂಗಿ, ರಬ್ಬರ್ ಕೈಗವಸು ಇಲ್ಲದೆ ಸುಟ್ಟ ಸುಣ್ಣದ ಹತ್ತಿರವೂ ಹೋಗಬಾರದು. ಪ್ಲಾಸ್ಟಿಕ್ ಬಾಂಡ್ಲಿ ಕರಗಬಹುದಾದ್ದರಿಂದ ಕಬ್ಬಿಣದ್ದನ್ನೇ ಬಳಸಬೇಕು. ಒಣ ಪುಡಿ ಮೈಮೇಲೆ ಬಿದ್ದರೆ ಮೊದಲು ಅದನ್ನು ಪೂರ್ತಿಯಾಗಿ ಕೊಡವಿ, ಆಮೇಲೆ ಧಾರಾಳ ನೀರಿನಲ್ಲಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಶುದ್ಧ ನೀರಿನಲ್ಲಿ ಬಿಡದೆ ತೊಳೆಯುತ್ತಲೇ ತಕ್ಷಣ ವೈದ್ಯರ ಬಳಿ ಹೋಗಬೇಕು. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಆ ದಿನ ಹಿತ್ತಲಿಗೆ ಬಿಡಲಿಲ್ಲ.

ಒಣದಾಗಿ ಚೆನ್ನಾಗಿ ಬೆರೆಸಿದ ರಾಶಿಯ ನಡುವೆ ಕುಳಿ ಮಾಡಿ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಮೇಲಿನ ಪುಡಿಯನ್ನು ಕುಳಿಯ ಮೇಲೆ ಎಳೆದು ಮುಚ್ಚಿದೆ. ಮೊದಲು ಏನೂ ಕಾಣುವುದಿಲ್ಲ. ಕೆಲವು ನಿಮಿಷಗಳ ನಂತರ ರಾಶಿಯ ನೆತ್ತಿ ನಿಧಾನವಾಗಿ ಉಬ್ಬಿ, ಕೂದಲೆಳೆಯಂತಹ ಸೀಳುಗಳು ಬಿಟ್ಟು, ಆ ಸೀಳುಗಳಿಂದ ಆವಿ ಎದ್ದಿತು. ಕೆಂಪುಪುಡಿಯ ನಡುವೆ ಸುಣ್ಣದ ಹರಳುಗಳು ಒಂದೊಂದಾಗಿ ಒಡೆದು ಬೆಳ್ಳಗೆ ಅರಳಿದವು. ನಡುವೆ ಇಳಿಸಿದ ಥರ್ಮಾಮೀಟರು ನೀರಿನ ಕುದಿಬಿಂದುವನ್ನು ದಾಟಿತು. 10 ಕಿಲೋ ಸುಟ್ಟ ಸುಣ್ಣ ಅರಳಲು ರಾಸಾಯನಿಕವಾಗಿ ಬೇಕಾದ ನೀರು 3.2 ಕಿಲೋ ಮಾತ್ರ, ಆದರೆ ಆವಿಯಾಗಿ ಹೋಗುವುದು ಮತ್ತು ಸುರ್ಕಿ ಹೀರುವುದು ಸೇರಿ ಅದರ ಹಲವು ಪಟ್ಟು ನೀರು ಹಿಡಿಯುತ್ತದೆ. ಇದನ್ನು ಒಂದೇ ಸಲಕ್ಕೆ ಸುರಿಯುವುದು ಅಪಾಯಕರ, ಗಾರೆಗೂ ಹಿತವಲ್ಲ.

ಜೊತೆಗಿದ್ದ ಮೇಸ್ತ್ರಿ ಚಿಕ್ಕಂದಿನಲ್ಲಿ ಎತ್ತು ಕಟ್ಟಿದ ಗಾಣದಲ್ಲಿ ಗಾರೆ ಅರೆಯುವುದನ್ನು ಕಂಡವರು. ನಾನು ಇನ್ನೊಂದು ಚೊಂಬು ನೀರು ಎತ್ತಿಕೊಂಡಾಗ ಅವರು, “ಸಾರ್, ನೀರು ಸಾಕು. ಗಾರೆ ಕಲ್ಲಿಗೆ ಅಂಟಬೇಕು, ಕರಣೆಗೆ ಅಂಟಬಾರದು. ಇನ್ನೊಂದು ಸುತ್ತು ಮಗುಚಿ, ಅದೇ ಮೆತ್ತಗಾಗ್ತದೆ” ಎಂದರು. ಅವರ ಮಾತು ಸರಿಯಾಗಿತ್ತು. ಮಗುಚಿದಷ್ಟೂ ಗಾರೆ ನೀರು ಕೇಳದೆಯೇ ಮೆದುವಾಯಿತು. ರೆಡಿಮಿಕ್ಸ್ ಲಾರಿಯಿಂದ ಹರಿದು ಬರುವ ಕಾಂಕ್ರೀಟನ್ನು ನೋಡಿದ ಕಣ್ಣಿಗೆ ಇದು ಬರಿಯ ಹಸಿಮಣ್ಣಿನಂತೆ ಕಾಣುತ್ತದೆ, ಮತ್ತು ಹಾಗೆಯೇ ಇರಬೇಕು.

ಗೋಡೆ ಏರಿಸುವುದು

ಇಂದಿನ ಕಾಂಕ್ರೀಟನ್ನು ಸುರಿಯುತ್ತೇವೆ; ರೋಮನ್ನರು ತಮ್ಮದನ್ನು ಇಡುತ್ತಿದ್ದರು. ಗಾರೆಯ ಒಂದು ಹಾಸು, ಅದರ ಮೇಲೆ ಮುಷ್ಟಿ ಗಾತ್ರದ ಕಲ್ಲುಗಳನ್ನು ಕೈಯಿಂದಲೇ ಜೋಡಿಸಿದ ಇನ್ನೊಂದು ಹಾಸು, ಆಮೇಲೆ ಕುಟ್ಟುವುದು. ಗೋಡೆಯ ಹೊರಮೈಗೆ ಅವರು ಹಲಗೆಯ ಬದಲು ಇಟ್ಟಿಗೆಯನ್ನೇ ಅಚ್ಚಾಗಿ ಬಳಸುತ್ತಿದ್ದರು: ಚೌಕ ಇಟ್ಟಿಗೆಯನ್ನು ಕರ್ಣದ ಗುಂಟ ಎರಡು ತ್ರಿಕೋನಗಳಾಗಿ ಕತ್ತರಿಸಿ, ಉದ್ದನೆಯ ಬದಿಯನ್ನು ಹೊರಕ್ಕೆ, ಚೂಪು ಮೂಲೆಯನ್ನು ಒಳಕ್ಕೆ ಇಟ್ಟರೆ, ಆ ಮೂಲೆಗಳು ಗೋಡೆಯ ಒಡಲಿನೊಳಗೆ ಹಲ್ಲುಗಳಂತೆ ಕಚ್ಚಿಕೊಳ್ಳುತ್ತವೆ. ಅಚ್ಚನ್ನು ಬಿಚ್ಚುವ ಕೆಲಸವೇ ಇಲ್ಲ. ನಾನು ಸುಟ್ಟಮಣ್ಣಿನ ಚೌಕ ನೆಲಹೆಂಚುಗಳನ್ನು ಕಟ್ಟರಿನಿಂದ ಹಾಗೆ ಕತ್ತರಿಸಿ ಹೊರಮೈ ಕಟ್ಟಿದೆ. ಒಳಮೈಗೆ ಹೇಗೂ ಗಾರೆ ಬಳಿಯಬೇಕಾದ್ದರಿಂದ ಅಲ್ಲಿ ಸೆಂಟ್ರಿಂಗ್ ಹಲಗೆಗಳನ್ನೇ ನಿಲ್ಲಿಸಿದೆ.

ಪಾಯಕ್ಕೆ ಕಾಡುಗಲ್ಲು, ಗೋಡೆಗೆ ಕಾಡುಗಲ್ಲಿನ ಚೂರುಗಳು ಮತ್ತು ಇಟ್ಟಿಗೆ ತುಂಡುಗಳು ಬಳಕೆಯಾದವು. ಹಳೆಯ ತೊಟ್ಟಿಯ ಕಾಂಕ್ರೀಟ್ ತುಂಡುಗಳನ್ನು, ಕಂಬಿ ಪೂರ್ತಿಯಾಗಿ ತೆಗೆದ ಮೇಲೆ, ಪಾಯದ ನಡುವೆ ತುಂಬಿದೆ. ಪ್ರತಿಯೊಂದು ಕಲ್ಲನ್ನೂ ನೀರಿನಲ್ಲಿ ನೆನೆಸಿಯೇ ಇಟ್ಟೆವು, ಏಕೆಂದರೆ ಒಣಕಲ್ಲು, ಅದರಲ್ಲಿಯೂ ಒಣ ಇಟ್ಟಿಗೆ, ಗಾರೆಯ ನೀರನ್ನು ಹೀರಿ ಅದನ್ನು ಪುಡಿಯಾಗಿಸುತ್ತದೆ. ಒಂದು ಗೇಣು ಎತ್ತರದ ವರಸೆಯನ್ನು ಮುಗಿಸಿ, ಮರದ ದಿಮ್ಮಿಯಿಂದ ಮೇಲೆ ತೇವ ಮೂಡುವವರೆಗೆ ಕುಟ್ಟಿ, ಮುಂದಿನ ವರಸೆಗೆ ಹೋಗುತ್ತಿದ್ದೆವು. ಸಿಮೆಂಟಿನ ಅವಸರ ಇಲ್ಲಿಲ್ಲ. ಬೆಳಿಗ್ಗೆ ಕಲಸಿದ ಗಾರೆಯನ್ನು ಗೋಣಿ ಮುಚ್ಚಿಟ್ಟು ಸಂಜೆ ಮತ್ತೆ ಮಗುಚಿ ಬಳಸಬಹುದು. ಸಿಮೆಂಟಿನಲ್ಲಿ ಹೀಗೆ ಮಾಡಿದರೆ ಕೆಲಸ ಹಾಳಾಗುತ್ತದೆ.

ಒಳಗಾರೆ ಬೇರೆ ಬಗೆಯದು. ಬಿಸಿಯಾಗಿ ಕಲಸಿದ ಗಾರೆಯಲ್ಲಿ ತಡವಾಗಿ ಅರಳುವ ಹರಳೊಂದು ಉಳಿದಿದ್ದರೆ, ಗೋಡೆಯ ಒಡಲಿನಲ್ಲಿ ಅದರಿಂದ ತೊಂದರೆಯಿಲ್ಲ, ಆದರೆ ತೆಳುವಾದ ಮೇಲ್ಮೈಯಲ್ಲಿ ಅದು ಉಬ್ಬಿ ಹಪ್ಪಳೆ ಎಬ್ಬಿಸುತ್ತದೆ. ಆದ್ದರಿಂದ ತಿಂಗಳುಗಳ ಹಿಂದೆಯೇ ಅರಳಿಸಿ ನೀರಿನಡಿಯಲ್ಲಿಟ್ಟಿದ್ದ ಸುಣ್ಣಕ್ಕೆ ನುಣ್ಣನೆಯ ಸುರ್ಕಿ ಮತ್ತು ತರಿಯನ್ನು ಸೇರಿಸಿ, ಎರಡು ಪದರಗಳಲ್ಲಿ ಬಳಿದು, ಬಿಗಿಯುತ್ತಿರುವಾಗ ಹೊಳೆಯ ನುಣುಪುಗಲ್ಲಿನಿಂದ ತೀಡಿದೆವು. ನೆಲ ಮತ್ತು ಗೋಡೆ ಸೇರುವ ಮೂಲೆಯಲ್ಲಿ ಚೂಪು ಕೋನ ಬಿಡದೆ, ರೋಮನ್ ತೊಟ್ಟಿಗಳಲ್ಲಿರುವಂತೆ ದುಂಡನೆಯ ಕಟ್ಟೆಯನ್ನು ಎಳೆದೆವು. ಬಿರುಕು ಮೊದಲು ಹುಟ್ಟುವ ಜಾಗ ಆ ಮೂಲೆ. ಅಲ್ಲಿ ಗಾರೆ ದಪ್ಪವಾಗಿದ್ದರೆ ನೀರಿಗೆ ದಾರಿ ಸಿಗುವುದು ಕಷ್ಟ, ತೊಳೆಯುವುದಕ್ಕೂ ಸುಲಭ.

ಆಮೇಲೆ ಗೋಣಿಚೀಲ ಹೊದಿಸಿ ತಿಂಗಳುಗಟ್ಟಲೆ ತೇವ ಉಳಿಸಿದೆ. ಸುಣ್ಣ ಮತ್ತು ಸುರ್ಕಿಯ ಕೂಡಿಕೆ ನಿಧಾನವಾದದ್ದು ಮತ್ತು ಅದಕ್ಕೆ ನೀರು ಬೇಕು. ಒಣಗಿದ ದಿನ ಅದು ನಿಂತುಬಿಡುತ್ತದೆ. ಸಿಮೆಂಟ್ ಗೋಡೆಗೆ ಒಂದೆರಡು ವಾರ ನೀರು ಹೊಡೆದು ಕೈತೊಳೆದುಕೊಳ್ಳುವ ಅಭ್ಯಾಸವಿರುವವರಿಗೆ ಇದೇ ಅತಿ ಕಠಿಣವಾದ ಭಾಗ ಎಂದು ನನ್ನ ಅಭಿಪ್ರಾಯ. ತೊಟ್ಟಿಗೆ ಮೊದಲು ತುಂಬಿದ ನೀರು ಬಹಳ ಕ್ಷಾರವಾಗಿರುತ್ತದೆ; ತುಂಬಿ ಚೆಲ್ಲಿ, ಕ್ಷಾರ ಇಳಿದ ಮೇಲೆಯೇ ಗಿಡಗಳಿಗೆ ಹಾಕಿದೆ.

ಪಕ್ಕದಲ್ಲಿಟ್ಟ ಘನಗಳು

ಗೋಡೆ ಕಟ್ಟುವಾಗಲೇ ಅದೇ ಗಾರೆಯಿಂದ 70.6 ಮಿಲಿಮೀಟರ್ ಅಚ್ಚಿನಲ್ಲಿ ಘನಗಳನ್ನು ಎರೆದು, ಜೊತೆಗೆ ಅರಳಿದ ಸುಣ್ಣದ ಗಾರೆಯ ಘನಗಳನ್ನೂ, ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿನ ಗಾರೆಯ ಘನಗಳನ್ನೂ ಮಾಡಿಟ್ಟಿದ್ದೆ. 28 ದಿನಗಳಲ್ಲಿ ಸಿಮೆಂಟ್ ಘನಗಳು 20 ಮೆಗಾಪಾಸ್ಕಲನ್ನು ದಾಟಿದವು. ಸುಣ್ಣದವು ಎರಡೂ ಬಗೆಯಲ್ಲಿ ಒಂದೆರಡು ಮೆಗಾಪಾಸ್ಕಲಿಗೆ ಪುಡಿಯಾದವು. ಮೊಳೆಯಿಂದ ಗೀರಿದರೆ ಸಿಮೆಂಟಿನ ಮೇಲೆ ಬೂದುಗೆರೆ ಮಾತ್ರ ಮೂಡುತ್ತಿತ್ತು, ಸುಣ್ಣದ ಮೇಲೆ ಕೆಂಪು ಹುಡಿ ಉದುರುತ್ತಿತ್ತು. ಹತ್ತು ಮಹಡಿಯ ಕಟ್ಟಡ, ಉದ್ದನೆಯ ಸೇತುವೆ, ತೆಳುವಾದ ಸಜ್ಜಾ ಇವುಗಳಿಗೆ ಸುಣ್ಣದ ಕಾಂಕ್ರೀಟನ್ನು ಸೂಚಿಸುವುದು ಹೊಣೆಗೇಡಿತನ. 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದ ಪೋರ್ಟ್‌ಲೆಂಡ್ ಸಿಮೆಂಟಿನ ವಂಶ, ಇಂದು ಸುಮಾರು 1,450 ಡಿಗ್ರಿಯಲ್ಲಿ ಸುಟ್ಟು ತಯಾರಾಗಿ, ದಿನಗಳಲ್ಲಿ ಬಲ ಕೊಡುತ್ತದೆ; ನಗರಗಳು ನಿಂತಿರುವುದು ಆ ವೇಗದ ಮೇಲೆ.

ಪರಿಸರದ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹಾಕಬೇಕು. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಸುಮಾರು 8 ಪ್ರತಿಶತ ಎಂಬುದನ್ನು ಮುಂದಿಟ್ಟು ರೋಮನ್ ಕಾಂಕ್ರೀಟೇ ಹಸಿರು ಎನ್ನುವವರಿದ್ದಾರೆ. ನನ್ನ ಗೋಡೆಗೆ ಮೀಟರಿಗೆ ಸುಮಾರು 25 ಕಿಲೋ ಸುಟ್ಟ ಸುಣ್ಣ ಹಿಡಿಯಿತು. ಒಂದು ಕಿಲೋ ಸುಟ್ಟ ಸುಣ್ಣ ತಯಾರಾಗುವಾಗ ಸುಣ್ಣಕಲ್ಲಿನಿಂದಲೇ 0.785 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಉರುವಲಿನದನ್ನು ಬಿಟ್ಟೇ ಅದು 20 ಕಿಲೋ ಆಗುತ್ತದೆ. ಅದೇ ಎತ್ತರದ ನಾಲ್ಕು ಅಂಗುಲದ ಕಾಂಕ್ರೀಟ್ ಗೋಡೆಗೆ ಮೀಟರಿಗೆ 24 ಕಿಲೋ ಸಿಮೆಂಟ್ ಸಾಕು. ಅದರ ಸುಣ್ಣಕಲ್ಲಿನಿಂದ ಬರುವುದು ಸುಮಾರು 12 ಕಿಲೋ, ಹಾರುಬೂದಿ ಬೆರೆತ ಪಿಪಿಸಿಯಾದರೆ ಇನ್ನೂ ಕಡಿಮೆ. ಕಂಬಿ ಮತ್ತು ಉರುವಲನ್ನು ಸೇರಿಸಿದರೂ ಸುಣ್ಣಕ್ಕೆ ಕಟ್ಟುವ ದಿನ ಯಾವ ಮೇಲುಗೈಯೂ ಸಿಗುವುದಿಲ್ಲ. ಮೇಲುಗೈ ಸಿಗುವುದು ಎರಡು ಕಡೆಗಳಿಂದ: ಸುಣ್ಣ ಗಟ್ಟಿಯಾಗುತ್ತ ಗಾಳಿಯಿಂದ ಒಂದಷ್ಟು ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರುತ್ತದೆ, ಮತ್ತು ಒಡೆದು ಮತ್ತೆ ಕಟ್ಟುವ ಸಂದರ್ಭ ಬರದಿದ್ದರೆ ಎರಡನೆಯ ತೊಟ್ಟಿಯ ಹೊರೆಯೇ ತಪ್ಪುತ್ತದೆ. ಇಂಗಾಲದ ಡೈಆಕ್ಸೈಡ್ ಒಳಹೋಗುವುದೇ ಹಳೆಯ ತೊಟ್ಟಿಯನ್ನು ಕೊಂದದ್ದು. ಕಂಬಿಯಿಲ್ಲದ ಈ ಗೋಡೆಯಲ್ಲಿ ಅದೇ ಕ್ರಿಯೆ ಗಾರೆಯನ್ನು ಗಟ್ಟಿ ಮಾಡುತ್ತದೆ.

ಸಮುದ್ರದೊಳಗಿನ ರೋಮನ್ ಕಟ್ಟೆಗಳ ಕತೆಯನ್ನು ಈ ತೊಟ್ಟಿಗೆ ಅನ್ವಯಿಸಬಾರದು. ಭೂವಿಜ್ಞಾನಿ ಮೇರಿ ಜಾಕ್ಸನ್ ಮತ್ತು ಅವರ ತಂಡ 2017ರಲ್ಲಿ ವಿವರಿಸಿದಂತೆ, ಅಲ್ಲಿ ಉಪ್ಪುನೀರು ಜ್ವಾಲಾಮುಖಿ ಬೂದಿಯನ್ನು ಕರಗಿಸುತ್ತ, ಅಲ್ಯೂಮಿನಿಯಂ ಇರುವ ಟೋಬರ್ಮೊರೈಟ್ ಮತ್ತು ಫಿಲಿಪ್‌ಸೈಟ್ ಎಂಬ ಖನಿಜಗಳನ್ನು ಗಾರೆಯ ರಂಧ್ರಗಳಲ್ಲಿ ಬೆಳೆಸುತ್ತದೆ. ಸಿಹಿನೀರು ಮತ್ತು ಇಟ್ಟಿಗೆ ಪುಡಿಯಲ್ಲಿ ಅಂತಹದ್ದನ್ನು ನಿರೀಕ್ಷಿಸಲಾಗದು.

ಬಿರುಕು ಮುಚ್ಚಿಕೊಳ್ಳುವುದನ್ನು ಮಾತ್ರ ಕಣ್ಣಾರೆ ನೋಡಿದೆ. ಮೊದಲ ಬೇಸಿಗೆಯಲ್ಲಿ ತೊಟ್ಟಿ ಬರಿದಾಗಿ ಒಣಗಿದ್ದು, ಮಳೆ ಬಂದು ತುಂಬಿದಾಗ ಪಡುವಣ ಮೂಲೆಯಲ್ಲಿ ಕೂದಲೆಳೆಯ ಬಿರುಕಿನಿಂದ ನೀರು ಜಿನುಗಿತು. ಅದನ್ನು ಹಾಗೆಯೇ ಬಿಟ್ಟೆ. ಹೊರಮೈಯ ಹೆಂಚಿನ ಸಂದಿನಲ್ಲಿ ಬೆಳ್ಳನೆಯ ಗೆರೆಯೊಂದು ಕಟ್ಟಿಕೊಳ್ಳುತ್ತ ಹೋಗಿ, ಮಳೆಗಾಲ ಮುಗಿಯುವ ಮೊದಲೇ ಜಿನುಗು ನಿಂತಿತು. ಬಿರುಕನ್ನು ಕೆಸರೂ ಮುಚ್ಚಬಹುದಾದ್ದರಿಂದ, ಆ ಬಿಳಿಗೆರೆಯನ್ನು ಕೆರೆದು ತೆಗೆದು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿಯೊಂದನ್ನು ಹಾಕಿದೆ. ಅದು ಬುಸ್ಸೆಂದು ನೊರೆಯೆದ್ದು ಪೂರ್ತಿಯಾಗಿ ಕರಗಿತು. ಕೆಸರಾಗಿದ್ದರೆ ತಳದಲ್ಲಿ ಮಣ್ಣು ಉಳಿಯುತ್ತಿತ್ತು. ಅಂದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್.

ವರ್ಷ ತುಂಬಿದ ಘನಗಳನ್ನು ಒಡೆದಾಗ ಬಿಸಿಯಾಗಿ ಕಲಸಿದವು 5 ಮೆಗಾಪಾಸ್ಕಲಿನ ಹತ್ತಿರ ಬಂದಿದ್ದವು, ಅರಳಿದ ಸುಣ್ಣದವು ಅದಕ್ಕಿಂತ ಸ್ವಲ್ಪ ಹಿಂದೆ ಇದ್ದವು. ಮುರಿದ ಮುಖಕ್ಕೆ ಫಿನಾಲ್ಫ್ತಲೀನ್ ಹಾಕಿದರೆ ಹೊರಗಿನ ಅಂಚು ಬಣ್ಣವಿಲ್ಲದೆ, ಒಳಗಿನ ತಿರುಳು ಇನ್ನೂ ಗುಲಾಬಿಯಾಗಿ ಕಾಣುತ್ತದೆ. ಒಳಗೆ ಸುಣ್ಣ ಇನ್ನೂ ಉಳಿದಿದೆ ಎಂಬುದಕ್ಕೆ ಅದು ಗುರುತು. ತೊಟ್ಟಿಯಲ್ಲಿ ಈಗಲೂ ಗಮನ ಬೇಡುವ ಜಾಗ ಒಂದೇ, ನೀರು ಬಿಡುವ ಪಿವಿಸಿ ಕೊಳವೆ ಗೋಡೆಯನ್ನು ಹಾಯುವಲ್ಲಿ. ಸುಣ್ಣದ ಗಾರೆ ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲ, ಕೊಳವೆ ಬಿಸಿಲಿಗೆ ಹಿಗ್ಗಿ ಕುಗ್ಗುವುದರಿಂದ ಸುತ್ತಲೂ ತೇವ ಕಾಣಿಸುತ್ತದೆ. ಮುಂದಿನ ಬೇಸಿಗೆಯಲ್ಲಿ ಅದನ್ನು ಬಿಡಿಸಿ, ಆ ಜಾಗದಲ್ಲಿ ತೂತು ಕೊರೆದ ಕಲ್ಲಿನ ದೋಣಿಯೊಂದನ್ನು ಇದೇ ಗಾರೆಯಲ್ಲಿ ಕೂರಿಸುತ್ತೇನೆ. ಅದಕ್ಕೆ ಬೇಕಾದ ಸುಣ್ಣವನ್ನು ಈಗಾಗಲೇ ಅರಳಿಸಿ ನೀರಿನಡಿಯಲ್ಲಿ ಇಟ್ಟಿದ್ದೇನೆ.